ಡಬ್ಬಿಯ ಲೆಕ್ಕ, ಕೂಸಿನ ಹೊಟ್ಟೆ

ಮಗಳು ಹುಟ್ಟಿ ಮೂರು ವಾರವಾಗಿತ್ತು. ಹೆರಿಗೆಯ ನಂತರ ಹೆಂಡತಿಗೆ ಬೇರೊಂದು ಕಾಯಿಲೆ ಕಾಣಿಸಿಕೊಂಡಿತ್ತು. ಅದರ ಔಷಧಿ ನಡೆಯುವಷ್ಟು ದಿನ ಎದೆಹಾಲು ಕುಡಿಸುವುದು ಬೇಡ ಎಂದು ಡಾಕ್ಟರು ಹೇಳಿದ್ದರು. ಹೀಗೆ ಮೈಸೂರಿನ ನಮ್ಮ ಮನೆಗೆ ಡಬ್ಬಿ ಹಾಲು ಬಂತು. ರಾತ್ರಿ ಪಾಳಿ ನನ್ನದು. ಅಡುಗೆಮನೆಯ ಕಟ್ಟೆಯ ಮೇಲೆ ಕುದಿಸಿದ ನೀರು, ಬಾಟಲಿ, ಡಬ್ಬಿ, ಪಕ್ಕದಲ್ಲೊಂದು ನೋಟ್‌ಬುಕ್. ಎಷ್ಟು ಗಂಟೆಗೆ ಎಷ್ಟು ಮಿಲಿ ಕುಡಿದಳು ಎಂದು ಅದರಲ್ಲಿ ಬರೆದಿಡುತ್ತಿದ್ದೆ. ಹೆದರಿದವನಿಗೆ ಅಂಕಿಗಳೇ ಧೈರ್ಯ.

ಡಬ್ಬಿಯ ಹಿಂಬದಿಯ ಪಟ್ಟಿ ಆ ವಯಸ್ಸಿಗೆ ಒಂದು ಸಲಕ್ಕೆ 120 ಮಿಲಿ, ದಿನಕ್ಕೆ ಐದು ಸಲ ಎನ್ನುತ್ತಿತ್ತು. ಮಗಳು 60ಕ್ಕೆ ಬಾಯಿ ಮುಚ್ಚುತ್ತಿದ್ದಳು. ನಾನು ನಿಪ್ಪಲ್ ಅಲ್ಲಾಡಿಸಿ, ಅಂಗಾಲು ಕೆರೆದು, ಕೆನ್ನೆ ತಟ್ಟಿ ಇನ್ನೊಂದು ಇಪ್ಪತ್ತು ಮಿಲಿ ಇಳಿಸುತ್ತಿದ್ದೆ. ಹತ್ತು ನಿಮಿಷದಲ್ಲಿ ಅದಷ್ಟೂ ನನ್ನ ಹೆಗಲ ಮೇಲೆ ವಾಪಸು. ಬಾಣಂತನಕ್ಕೆ ಬಂದಿದ್ದ ಅತ್ತೆ ಎರಡು ರಾತ್ರಿ ಸುಮ್ಮನೆ ನೋಡಿದರು. ಮೂರನೆಯ ರಾತ್ರಿ ಎದ್ದು ಬಂದು, "ಬಾಯಿ ತಿರುಗಿಸಿಕೊಂಡ ಮೇಲೂ ತುರುಕ್ತೀರಲ್ಲ, ಹೊಟ್ಟೆ ಅವಳದ್ದೋ ಡಬ್ಬಿದೋ?" ಎಂದರು. ನಾನು ಡಬ್ಬಿ ತಿರುಗಿಸಿ ಪಟ್ಟಿ ತೋರಿಸಿದೆ. ಅವರು ಅದನ್ನು ನೋಡಲೂ ಇಲ್ಲ. "ಅದನ್ನ ಬರೆದೋರು ನಮ್ಮ ಕೂಸನ್ನ ನೋಡಿದಾರಾ?"

ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗಳಿಗೀಗ ಒಂಬತ್ತು ವರ್ಷ. ಈ ವರ್ಷಗಳಲ್ಲಿ ಬಿಡುವು ಸಿಕ್ಕಾಗಲೆಲ್ಲ ಆ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದೇನೆ. ಬಾಟಲಿಯ ಕೂಸಿಗೆ ಇಷ್ಟೇ ಹಾಲು ಎಂದು ಮೊದಲು ಹೇಳಿದವರು ಯಾರು? ಯಾವ ಕೂಸನ್ನು ನೋಡಿ ಹೇಳಿದರು?

ಕಥೆ ಶುರುವಾಗುವುದು ಒಬ್ಬ ಅಜ್ಜನಿಂದ. ಜರ್ಮನಿಯ ಹೆಸರಾಂತ ರಸಾಯನಶಾಸ್ತ್ರಜ್ಞ ಯೂಸ್ಟುಸ್ ಫಾನ್ ಲೀಬಿಗ್ ತನ್ನ ಮೊಮ್ಮಕ್ಕಳಿಗಾಗಿ ಒಂದು ಆಹಾರ ತಯಾರಿಸಿದ. ಹಸುವಿನ ಹಾಲು, ಗೋಧಿ ಹಿಟ್ಟು, ಮೊಳಕೆ ಕಟ್ಟಿದ ಧಾನ್ಯದ ಹಿಟ್ಟು, ಚೂರು ಪೊಟ್ಯಾಸಿಯಂ ಬೈಕಾರ್ಬೊನೇಟ್. 1865ರಲ್ಲಿ ಅದರ ವಿವರ ಪ್ರಕಟಿಸಿದ. ತಾಯಿಯ ಹಾಲಿನಲ್ಲಿ ಏನೇನಿದೆಯೋ ಅದನ್ನೆಲ್ಲ ಅಷ್ಟಷ್ಟೇ ಬೆರೆಸಿದರೆ ಅದೂ ತಾಯಿಯ ಹಾಲೇ ಎಂಬುದು ಅವನ ನಂಬಿಕೆ. ಎರಡು ವರ್ಷದ ನಂತರ ಪ್ಯಾರಿಸ್ಸಿನ ವೈದ್ಯ ದೆಪೋಲ್ ಅದನ್ನು ಆಗಷ್ಟೇ ಹುಟ್ಟಿದ ನಾಲ್ಕು ಕೂಸುಗಳಿಗೆ ಕೊಟ್ಟು ನೋಡಿದ. ಕೆಲವೇ ದಿನಗಳಲ್ಲಿ ನಾಲ್ಕೂ ತೀರಿಕೊಂಡವು. ಅಷ್ಟಾದರೂ ವ್ಯಾಪಾರ ನಿಲ್ಲಲಿಲ್ಲ. ಅದೇ 1867ರಲ್ಲಿ ಸ್ವಿಟ್ಜರ್ಲೆಂಡಿನ ವೆವೆ ಎಂಬ ಊರಿನಲ್ಲಿ ಆನ್ರಿ ನೆಸ್ಲೆ ತನ್ನ ಹಾಲು-ಹಿಟ್ಟಿನ ಪುಡಿಯನ್ನು ಮಾರತೊಡಗಿದ.

ಆಗಿನ್ನೂ 'ಏನು ಕೊಡಬೇಕು' ಎಂಬುದೇ ಪ್ರಶ್ನೆ. 'ಎಷ್ಟು' ಎಂಬುದು ವೈದ್ಯರ ಕೈಗೆ ಬಂದದ್ದು ಆ ಶತಮಾನದ ಕೊನೆಗೆ. ಹಸುವಿನ ಹಾಲಿನಲ್ಲಿ ಪ್ರೋಟೀನು ತಾಯಿಯ ಹಾಲಿಗಿಂತ ಸುಮಾರು ಮೂರು ಪಟ್ಟು, ಸಕ್ಕರೆ ಮಾತ್ರ ಕಡಿಮೆ. ನೀರು ಬೆರೆಸಿದರೆ ಪ್ರೋಟೀನು ಇಳಿಯುತ್ತದೆ, ಜೊತೆಗೆ ಕೊಬ್ಬೂ ಸಕ್ಕರೆಯೂ ಇಳಿಯುತ್ತವೆ. ಮತ್ತೆ ಕೆನೆ ಹಾಕಬೇಕು, ಸಕ್ಕರೆ ಹಾಕಬೇಕು. ಹಾರ್ವರ್ಡ್‌ನಲ್ಲಿ ಮಕ್ಕಳ ವೈದ್ಯಶಾಸ್ತ್ರದ ಪ್ರೊಫೆಸರಾಗಿದ್ದ ಥಾಮಸ್ ಮಾರ್ಗನ್ ರಾಚ್ ಈ ಬೆರಕೆಯನ್ನೇ ಒಂದು ಶಾಸ್ತ್ರ ಮಾಡಿದ. ಪ್ರತಿ ಕೂಸಿಗೂ ಕೊಬ್ಬು ಶೇಕಡಾ ಇಷ್ಟು, ಸಕ್ಕರೆ ಇಷ್ಟು, ಪ್ರೋಟೀನು ಇಷ್ಟು ಎಂದು ವೈದ್ಯ ಚೀಟಿ ಬರೆಯಬೇಕು. 1891ರಲ್ಲಿ ಬಾಸ್ಟನ್‌ನಲ್ಲಿ ಶುರುವಾದ ವಾಕರ್-ಗಾರ್ಡನ್ ಎಂಬ ಹಾಲಿನ ಪ್ರಯೋಗಾಲಯ ಚೀಟಿಯ ಪ್ರಕಾರ ಬೆರೆಸಿ ಬಾಟಲಿ ತುಂಬಿ ಮನೆಗೆ ಕಳಿಸುತ್ತಿತ್ತು. ಶೇಕಡಾ 0.1 ಹೆಚ್ಚು ಕಡಿಮೆಯಾದರೂ ಕೂಸಿನ ಹೊಟ್ಟೆ ಕೆಡಬಹುದು ಎಂದು ರಾಚ್ ನಂಬಿದ್ದ. ಕೂಸು ಹಸಿರಾಗಿ ಹೇತರೆ ತಾಯಿ ವೈದ್ಯನ ಬಳಿ ಓಡಬೇಕು, ಅವನು ಭಿನ್ನರಾಶಿ ತಿದ್ದಿ ಕೊಡಬೇಕು.

ಒಂದು ಸಲಕ್ಕೆ ಎಷ್ಟು ಔನ್ಸ್ ಎಂಬುದಕ್ಕೂ ಆ ಕಾಲದವರು ಒಂದು ಅಳತೆ ಕಂಡುಕೊಂಡರು. ತೀರಿಕೊಂಡ ಕೂಸುಗಳ ಜಠರ ಎಷ್ಟು ಹಿಡಿಸುತ್ತದೆ ಎಂದು ಅಳೆದು, ಇಷ್ಟು ವಾರಕ್ಕೆ ಇಷ್ಟು ಎಂದು ಪಟ್ಟಿ ಮಾಡಿದರು. ಇದನ್ನು ಓದಿದ ದಿನ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಬರೆದೋರು ಕೂಸನ್ನ ನೋಡಿದಾರಾ ಎಂದು ಅತ್ತೆ ಕೇಳಿದ್ದರು. ನೋಡಿದ್ದರು. ಬಾಯಿ ತಿರುಗಿಸಲಾರದ ಕೂಸುಗಳನ್ನು ನೋಡಿದ್ದರು.

ಆ ವೈದ್ಯರನ್ನು ಹಳಿಯುವುದು ಸುಲಭ. ಆದರೆ ಅವರು ಯಾವ ಊರುಗಳಲ್ಲಿ ಕೆಲಸ ಮಾಡುತ್ತಿದ್ದರು ಎಂಬುದನ್ನೂ ನೆನೆಯಬೇಕು. ಬೇಸಿಗೆ ಬಂತೆಂದರೆ ಬಾಟಲಿಯ ಕೂಸುಗಳು ಭೇದಿಯಿಂದ ಸಾಲುಸಾಲಾಗಿ ಸಾಯುತ್ತಿದ್ದವು. ಹೊಟ್ಟೆ ಕೆಡಿಸುತ್ತಿದ್ದದ್ದು ಹೆಚ್ಚಾಗಿ ಕೊಳಕು ಹಾಲು. ಕಾಣದ ಆ ಕ್ರಿಮಿಯ ಜೊತೆ ಅವರು ಕಾಣುವ ಅಂಕಿ ಹಿಡಿದು ಜಗಳಕ್ಕೆ ನಿಂತರು. ವಾಕರ್-ಗಾರ್ಡನ್ ಹಾಲು ಕುಡಿದ ಕೂಸುಗಳು ಉಳಿದದ್ದರಲ್ಲಿ ಭಿನ್ನರಾಶಿಗಿಂತ ಅದರ ಶುಚಿಯ ಪಾಲೇ ದೊಡ್ಡದು ಎಂದು ಈಗ ಅನ್ನಿಸುತ್ತದೆ.

ಅಂಕಿಗಳ ಈ ಗದ್ದಲದಲ್ಲಿ ಒಂದು ಅಂಕಿ ಮಾತ್ರ ಗಟ್ಟಿಯಾಗಿ ಉಳಿದುಕೊಂಡಿತು. 1890ರ ದಶಕದ ಕೊನೆಗೆ ಬರ್ಲಿನ್ನಿನ ಮಕ್ಕಳ ವೈದ್ಯ ಆಟೋ ಹ್ಯೂಬ್ನರ್ ಮತ್ತು ಶರೀರಶಾಸ್ತ್ರಜ್ಞ ಮಾಕ್ಸ್ ರೂಬ್ನರ್ ಸೇರಿ, ಬದುಕಿರುವ ಕೂಸು ಎಷ್ಟು ಶಕ್ತಿ ಒಳಗೆ ತೆಗೆದುಕೊಳ್ಳುತ್ತದೆ, ಎಷ್ಟು ಖರ್ಚು ಮಾಡುತ್ತದೆ ಎಂದು ಅಳೆದರು. ಮೊದಲ ತಿಂಗಳುಗಳಲ್ಲಿ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 100 ಕ್ಯಾಲೊರಿ ಬೇಕು ಎಂದು ಹ್ಯೂಬ್ನರ್ ಹೇಳಿದ. ಇವತ್ತು ಡಬ್ಬಿ ಹಾಲನ್ನು ಸರಿಯಾಗಿ ಕಲಸಿದರೆ 100 ಮಿಲಿಗೆ ಸುಮಾರು 67 ಕ್ಯಾಲೊರಿ. ಅಂದರೆ ಕಿಲೋಗೆ 150 ಮಿಲಿ ಕುಡಿದರೆ 100 ಕ್ಯಾಲೊರಿ. ಮಕ್ಕಳ ಡಾಕ್ಟರುಗಳು ಇವತ್ತಿಗೂ ಬಾಯಲ್ಲೇ ಹಾಕುವ ಲೆಕ್ಕ ಇದು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಹ್ಯೂಬ್ನರ್‌ನ ಅಂಕಿ ವಯಸ್ಸನ್ನಲ್ಲ, ತೂಕವನ್ನು ಕೇಳುತ್ತದೆ. ನಮ್ಮ ಡಬ್ಬಿ ವಯಸ್ಸನ್ನಷ್ಟೇ ಕೇಳಿತ್ತು.

ಆಮೇಲೆ ಬಂದದ್ದು ಗಡಿಯಾರದ ಕಾಲ. ನ್ಯೂಯಾರ್ಕಿನ ವೈದ್ಯ ಎಮೆಟ್ ಹೋಲ್ಟ್ ಮಕ್ಕಳನ್ನು ನೋಡಿಕೊಳ್ಳುವ ಆಯಾಗಳಿಗಾಗಿ ಪ್ರಶ್ನೋತ್ತರದ ರೂಪದಲ್ಲಿ ಬರೆದ ಕೈಪಿಡಿ 1894ರಲ್ಲಿ ಪುಸ್ತಕವಾಗಿ, ದಶಕಗಟ್ಟಲೆ ಮರುಮುದ್ರಣವಾಯಿತು. ಜರ್ಮನ್ ನಾಡಿನಲ್ಲಿ ಚೆರ್ನಿ ಎಂಬ ವೈದ್ಯ ದಿನಕ್ಕೆ ಐದು ಸಲ, ನಡುವೆ ನಾಲ್ಕು ಗಂಟೆ ಅಂತರ ಎಂದು ನಿಗದಿ ಮಾಡಿದ. ಒಮ್ಮೆ ಕುಡಿದದ್ದು ಖಾಲಿಯಾಗಿ ಹೊಟ್ಟೆಗೆ ವಿಶ್ರಾಂತಿ ಸಿಗಲಿ ಎಂಬುದು ಅವನ ವಾದ. ನ್ಯೂಜಿಲೆಂಡಿನಲ್ಲಿ ಟ್ರೂಬಿ ಕಿಂಗ್ ಇದನ್ನು ಒಂದು ಚಳವಳಿಯನ್ನೇ ಮಾಡಿದ. ಅವನು ಹುಚ್ಚಾಸ್ಪತ್ರೆಯೊಂದರ ಮುಖ್ಯಸ್ಥ. ಆಸ್ಪತ್ರೆಯ ಹೊಲದಲ್ಲಿದ್ದ ಕರುಗಳು ಭೇದಿಯಿಂದ ಸಾಯುತ್ತಿದ್ದಾಗ ಅಳತೆ ಮಾಡಿ ಹಾಲು ಕುಡಿಸಿ ಉಳಿಸಿಕೊಂಡಿದ್ದ. ಕರುವಿಗೆ ಆದದ್ದು ಕೂಸಿಗೆ ಆಗದೇ? 1907ರಲ್ಲಿ ಅವನು ಕಟ್ಟಿದ ಪ್ಲಂಕೆಟ್ ಸೊಸೈಟಿಯ ದಾದಿಯರು ಮನೆಮನೆಗೆ ಹೋಗಿ ನಾಲ್ಕು ಗಂಟೆಗೊಮ್ಮೆ, ರಾತ್ರಿ ಏನೂ ಇಲ್ಲ ಎಂದು ಕಲಿಸಿದರು. ಅತ್ತರೆ ಎತ್ತಿಕೊಳ್ಳಬಾರದು. ಆ ದೇಶದಲ್ಲಿ ಶಿಶುಮರಣ ಬಹಳ ಕಡಿಮೆಯಾಯಿತು, ಕಿಂಗ್‌ಗೆ ದೊಡ್ಡ ಹೆಸರು ಬಂತು. ಅವನಿಗಿಂತ ಮುಂಚೆಯೇ ಅದು ಇಳಿಯತೊಡಗಿತ್ತು ಎನ್ನುತ್ತಾರೆ ಚರಿತ್ರಕಾರರು.

ಅದೇ ನ್ಯೂಜಿಲೆಂಡಿನ ಬನಿಥಾರ್ಪ್ ಎಂಬ ಹಳ್ಳಿಯ ಕಾರ್ಖಾನೆಯಿಂದ ಹೊರಟ ಹಾಲಿನ ಪುಡಿ ಗ್ಲಾಕ್ಸೋ. ಅದು ಸಮುದ್ರ ದಾಟಿ ನಮ್ಮ ಅಜ್ಜಿಯರ ಅಡುಗೆಮನೆಗೂ ಬಂತು. ದುಂಡುದುಂಡಾದ ಮಗುವನ್ನು ಕಂಡರೆ 'ಗ್ಲಾಕ್ಸೋ ಬೇಬಿ' ಅನ್ನುವುದನ್ನು ನಾನೇ ಬೇಕಾದಷ್ಟು ಸಲ ಕೇಳಿದ್ದೇನೆ. ಆ ಹೊಗಳಿಕೆಯಲ್ಲಿ ನಮ್ಮ ತಪ್ಪೂ ಇದೆ. ಬಾಟಲಿ ಬರಿದಾಗಬೇಕು, ಕೆನ್ನೆ ಉಬ್ಬಬೇಕು. ಆಗಲೇ ಸಾಕಿದವರು ಗೆದ್ದ ಹಾಗೆ.

ಈ ಚರಿತ್ರೆಯ ಒಂದು ಪುಟ ನಮ್ಮ ಊರಿನಲ್ಲೇ ಬರೆದದ್ದು ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಸಿಎಫ್‌ಟಿಆರ್‌ಐ ಶುರುವಾಯಿತು. ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. ಆಗ ಮಕ್ಕಳ ಹಾಲಿನ ಪುಡಿ ಹಡಗಿನಲ್ಲಿ ಬರುತ್ತಿತ್ತು. ನಮ್ಮಲ್ಲಿ ಧಾರಾಳವಾಗಿದ್ದದ್ದು ಎಮ್ಮೆ ಹಾಲು. ಅದನ್ನು ಪುಡಿ ಮಾಡಲಾಗದು ಎಂಬ ಮಾತನ್ನು ಗುಜರಾತಿನ ಆಣಂದ್‌ನಲ್ಲಿ ಎಚ್. ಎಂ. ದಲಾಯ ಸುಳ್ಳು ಮಾಡಿದ್ದರು. 1955ರಲ್ಲಿ ಅಲ್ಲಿನ ಕಾರ್ಖಾನೆ ಎದ್ದು ನಿಂತಿತ್ತು. ಆದರೆ ಪುಡಿಯಾದ ಮಾತ್ರಕ್ಕೆ ಎಮ್ಮೆ ಹಾಲು ಕೂಸಿಗೆ ಒಗ್ಗುವುದಿಲ್ಲ. ಕೊಬ್ಬು ಜಾಸ್ತಿ, ಹೊಟ್ಟೆಯಲ್ಲಿ ಒಡೆದಾಗ ಗಟ್ಟಿ ಗಂಟಾಗುತ್ತದೆ. ಆ ಗಂಟು ಸಡಿಲಾಗುವಂತೆ, ಕೊಬ್ಬು ಹದಕ್ಕೆ ಬರುವಂತೆ ಮಾಡುವ ವಿಧಾನವನ್ನು ಮೈಸೂರಿನ ವಿಜ್ಞಾನಿಗಳು ರೂಪಿಸಿಕೊಟ್ಟರು. 1960ರ ಸುಮಾರಿಗೆ ಅಮುಲ್ ಅದನ್ನು ಡಬ್ಬಿಗೆ ತುಂಬಿತು. ಇದೇ ಊರಿನಲ್ಲಿ ಚೆಲುವಾಂಬ ಎಂಬ ಹೆಸರಿನ ಹೆರಿಗೆ ಆಸ್ಪತ್ರೆಯೂ ಇದೆ. ಒಂದೇ ಹೆಸರಿನ ಎರಡು ಕಟ್ಟಡ: ಒಂದರಲ್ಲಿ ಕೂಸು ಹುಟ್ಟುತ್ತದೆ, ಇನ್ನೊಂದರಲ್ಲಿ ಎದೆಹಾಲು ಸಿಗದ ಕೂಸಿನ ಚಿಂತೆ ನಡೆಯಿತು.

ಡಬ್ಬಿ ಸಿಕ್ಕಿತು. ಆದರೆ ಡಬ್ಬಿಯ ಜೊತೆ ದುಡ್ಡು ಸಿಗಲಿಲ್ಲ, ಶುದ್ಧ ನೀರು ಸಿಗಲಿಲ್ಲ. 1939ರಲ್ಲೇ ಸಿಂಗಪುರದ ರೋಟರಿ ಕ್ಲಬ್ಬಿನಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಹಾಲಿನ ಹೆಸರಿನಲ್ಲಿ ಕೊಲೆ ನಡೆಯುತ್ತಿದೆ ಎಂದು ಭಾಷಣ ಮಾಡಿದ್ದರು. ಸಿಹಿಗಟ್ಟಿದ ಡಬ್ಬಿ ಹಾಲನ್ನು ಕೂಸುಗಳಿಗೆ ಯೋಗ್ಯವೆಂದು ಮಾರುತ್ತಿದ್ದುದರ ವಿರುದ್ಧ ಅವರ ಸಿಟ್ಟು. ಬಡವರ ಮನೆಯಲ್ಲಿ ನಾಲ್ಕು ದಿನದ ಡಬ್ಬಿ ಹತ್ತು ದಿನ ಬರಬೇಕು. ಚಮಚ ಕಡಿಮೆ, ನೀರು ಹೆಚ್ಚು. ಬಾಟಲಿ ತುಂಬಿರುತ್ತದೆ, ಕೂಸು ಕುಡಿದೇ ಕುಡಿಯುತ್ತದೆ, ಆದರೂ ದಿನದಿನಕ್ಕೆ ಬತ್ತುತ್ತದೆ. 1970ರ ದಶಕದ ದೊಡ್ಡ ಪ್ರತಿಭಟನೆಗಳು, 1981ರ ವಿಶ್ವ ಆರೋಗ್ಯ ಸಂಸ್ಥೆಯ ಸಂಹಿತೆ, ನಮ್ಮ ದೇಶದ 1992ರ ಕಾನೂನು, ಎಲ್ಲದರ ಹಿಂದೆ ಈ ಕೂಸುಗಳಿವೆ. ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕಬಾರದು ಎಂಬ ನಿಯಮ ಬಂದದ್ದು ಹಾಗೆ. ಗ್ಲಾಕ್ಸೋ ಬೇಬಿಯ ಕೆನ್ನೆ ಡಬ್ಬಿಯಿಂದ ಮಾಯವಾಯಿತು, ನಮ್ಮ ತಲೆಯಿಂದ ಆಗಲಿಲ್ಲ.

ನಾನು ಮಾಡಿದ್ದು ಇದರ ತಿರುಗುಮುರುಗು. ತೂಕ ನೋಡಿಸಿದ ದಿನ ನಾನು ಅಂದುಕೊಂಡಷ್ಟು ಏರಿರಲಿಲ್ಲ. ಕುಡಿಯುವುದು ಕಡಿಮೆಯಾದರೆ ಕುಡಿದದ್ದಾದರೂ ಗಟ್ಟಿ ಇರಲಿ ಎಂದು ಯಾರಿಗೂ ಹೇಳದೆ ಚಮಚ ತುಂಬಿ ಗೋಪುರ ಮಾಡಿ ಹಾಕತೊಡಗಿದೆ. ಎರಡು ದಿನ ಹೀಗೆ ನಡೆಯಿತು. ಮಗಳು ಹೆಚ್ಚು ಅತ್ತಳು. ಹಸಿವೆಂದು ಮತ್ತೆ ಅದನ್ನೇ ಕೊಟ್ಟೆ. ತುಟಿ ಒಣಗಿತು. ಬೆಳಗಿನಿಂದ ಬಟ್ಟೆ ಒದ್ದೆಯಾಗಿದ್ದು ಒಂದೇ ಸಲ ಎಂಬುದನ್ನು ಗಮನಿಸಿದ್ದು ಅತ್ತೆ. ಡಾಕ್ಟರ ಮುಂದೆ ಕೂತಾಗ ಅವರು ಮೊದಲು ಕೇಳಿದ್ದು, "ಹೇಗೆ ಕಲಸ್ತೀರಿ, ಮಾಡಿ ತೋರಿಸಿ." ತೋರಿಸಿದೆ. ಅವರ ಮುಖ ಗಂಭೀರವಾಯಿತು. ಪುಡಿ ಹೆಚ್ಚಾದರೆ ಉಪ್ಪೂ ಪ್ರೋಟೀನೂ ಹೆಚ್ಚು. ಅದನ್ನು ಹೊರಹಾಕಲು ಎಳೆಯ ಮೂತ್ರಪಿಂಡಕ್ಕೆ ನೀರು ಬೇಕು. ಅವಳು ಅತ್ತದ್ದು ಹಸಿವಿಗಲ್ಲ, ಬಾಯಾರಿಕೆಗೆ ಎಂದರು. ಇನ್ನೆರಡು ದಿನ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ರಕ್ತಪರೀಕ್ಷೆಯ ಫಲಿತಾಂಶ ಬರುವವರೆಗಿನ ಮೂರು ಗಂಟೆ ಹೊತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕಳೆದದ್ದು ನೆನಪಿದೆ. ಅತ್ತೆ ಕೂಸನ್ನು ಎದೆಗೊರಗಿಸಿಕೊಂಡು ಕೂತಿದ್ದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಫಲಿತಾಂಶದಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಆಮೇಲೆ ಡಾಕ್ಟರು ನನ್ನ ನೋಟ್‌ಬುಕ್ ನೋಡಿದರು. ಮೂರು ವಾರದಲ್ಲಿ ತೂಕ ಎಷ್ಟಿತ್ತು? ಮೂರು ಕಿಲೋ. ಕಿಲೋಗೆ 150ರಂತೆ 450 ಮಿಲಿ. ಎಷ್ಟು ಸಲ ಕುಡಿಯುತ್ತಿದ್ದಳು? ಎಂಟು ಸಲ. ಭಾಗಿಸಿದರೆ 56. ಅವಳು ಬಾಯಿ ಮುಚ್ಚುತ್ತಿದ್ದದ್ದು 60ಕ್ಕೆ. ಮೂರು ವಾರದ ಕೂಸು ಹ್ಯೂಬ್ನರ್‌ನ ಲೆಕ್ಕವನ್ನು ರಾತ್ರಿಯೆಲ್ಲ ನನಗೆ ಹೇಳಿಕೊಡುತ್ತಿತ್ತು. ಸುಳ್ಳು ಹೇಳಿದ್ದು ನನ್ನ ಪಟ್ಟಿ. ಸುಳ್ಳು ಎನ್ನುವುದೂ ತಪ್ಪು. ಅದು ಸರಾಸರಿ ತೂಕದ ಯಾವುದೋ ಕೂಸಿನ ಬಗ್ಗೆ ಮಾತಾಡುತ್ತಿತ್ತು.

ಕೂಸಿಗೆ ಲೆಕ್ಕ ಗೊತ್ತಿದೆ ಎಂಬುದನ್ನು ವಿಜ್ಞಾನ ಒಪ್ಪಿಕೊಂಡ ಕಥೆಯೂ ಚೆನ್ನಾಗಿದೆ. 1928ರಲ್ಲಿ ಅಮೆರಿಕದ ವೈದ್ಯೆ ಕ್ಲಾರಾ ಡೇವಿಸ್, ಆಗಷ್ಟೇ ಹಾಲು ಬಿಡಿಸಿದ ಮಕ್ಕಳ ಮುಂದೆ ಬಗೆಬಗೆಯ ತಿನಿಸು ಇಟ್ಟು, ಏನು, ಎಷ್ಟು ಎಂಬುದನ್ನು ಅವಕ್ಕೇ ಬಿಟ್ಟ ಪ್ರಯೋಗದ ವರದಿ ಪ್ರಕಟಿಸಿದಳು. ಮಕ್ಕಳು ಚೆನ್ನಾಗಿ ಬೆಳೆದವು. 1942ರಲ್ಲಿ ಫ್ರಾನ್ಸಿಸ್ ಸಿಮ್ಸೇರಿಯನ್ ಎಂಬ ಮನಶ್ಶಾಸ್ತ್ರಜ್ಞೆ ಮಕ್ಕಳ ವೈದ್ಯ ಮೆಕ್‌ಲೆಂಡನ್ ಜೊತೆ ಸೇರಿ ತನ್ನ ಸ್ವಂತ ಕೂಸಿಗೆ ಗಡಿಯಾರ ನೋಡದೆ, ಕೇಳಿದಾಗ ಕುಡಿಸಿ, ಹನ್ನೆರಡು ವಾರದ ದಾಖಲೆ ಬರೆದಳು. ನಾಲ್ಕು ವರ್ಷದ ನಂತರ ಬಂದ ಡಾಕ್ಟರ್ ಸ್ಪಾಕ್‌ನ ಪುಸ್ತಕ ಈ ಧೈರ್ಯವನ್ನು ಮನೆಮನೆಗೆ ಮುಟ್ಟಿಸಿತು.

ನನ್ನ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದು ಅಯೋವಾ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಫೋಮನ್‌ರಲ್ಲಿ. 1969ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಕೆಲವು ಕೂಸುಗಳಿಗೆ ಮಾಮೂಲಿ ಹದದ ಹಾಲು, ಕೆಲವಕ್ಕೆ ಅದರ ಎರಡರಷ್ಟು ಶಕ್ತಿಯ ಗಟ್ಟಿ ಹಾಲು ಕೊಟ್ಟು, ಬೇಕಾದಷ್ಟು ಕುಡಿಯಲು ಬಿಟ್ಟರು. ಗಟ್ಟಿ ಹಾಲಿನ ಕೂಸುಗಳು ಕಡಿಮೆ ಕುಡಿದವು. ಮೊದಲ ಆರು ವಾರ ಅವುಗಳ ಅಂದಾಜು ಪೂರ್ತಿ ಕೂಡಲಿಲ್ಲ, ಸ್ವಲ್ಪ ಹೆಚ್ಚೇ ಶಕ್ತಿ ಒಳಹೋಯಿತು. ಆಮೇಲೆ ಎರಡೂ ಗುಂಪಿನ ಲೆಕ್ಕ ಹತ್ತಿರ ಹತ್ತಿರ ಬಂತು. ಕೂಸಿನ ಹೊಟ್ಟೆಯಲ್ಲಿ ತಕ್ಕಡಿ ಇದೆ. ಮೊದಲ ವಾರಗಳಲ್ಲಿ ಅದು ಇನ್ನೂ ನೆಟ್ಟಗೆ ನಿಂತಿರುವುದಿಲ್ಲ, ಅಷ್ಟೆ. ಆ ತಕ್ಕಡಿಯನ್ನು ಕೆಡಿಸಲೂಬಹುದು. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಮೊದಲ ತಿಂಗಳುಗಳಲ್ಲಿ ನೇರ ಎದೆಹಾಲನ್ನೇ ಕುಡಿದ ಮಕ್ಕಳಲ್ಲಿ ಮುಂದೆ ಬಾಟಲಿ ಅಥವಾ ಕಪ್ಪನ್ನು ಬರಿದು ಮಾಡುವವರು ಶೇಕಡಾ 27, ಎರಡೂ ಕುಡಿದವರಲ್ಲಿ 54, ಬಾಟಲಿಯಲ್ಲೇ ಕುಡಿದವರಲ್ಲಿ 68 ಎಂದು ಕಂಡಿತು. ಒಳಗಿರುವ ಹಾಲು ಯಾವುದು ಎಂಬುದಕ್ಕಿಂತ ಬಾಟಲಿಯೇ ಮುಖ್ಯವಾಗಿತ್ತು. ಎದೆಯಲ್ಲಿ ಇನ್ನೆಷ್ಟು ಉಳಿದಿದೆ ಎಂದು ಯಾರಿಗೂ ಕಾಣುವುದಿಲ್ಲ. ಬಾಟಲಿಯಲ್ಲಿ ಉಳಿದ ಮೂವತ್ತು ಮಿಲಿ ಕಣ್ಣಿಗೆ ಚುಚ್ಚುತ್ತದೆ.

ಇಷ್ಟೆಲ್ಲ ಓದಿದ ಮೇಲೆ ನನಗೆ ತಿಳಿದದ್ದು ಇಷ್ಟು. ನೂರೈವತ್ತು ವರ್ಷ ಎರಡು ಪ್ರಶ್ನೆಗಳು ಒಂದರೊಳಗೊಂದು ಕಲಸಿಹೋಗಿದ್ದವು. ಹಾಲು ಎಷ್ಟು ಗಟ್ಟಿ ಇರಬೇಕು ಎಂಬುದು ಒಂದು, ಎಷ್ಟು ಕುಡಿಯಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಡಬ್ಬಿಯೇ ಯಜಮಾನ. ಅಲ್ಲಿ ಕೈಯಳತೆ, ಕಣ್ಣಳತೆ, ಪ್ರೀತಿಯ ಅಳತೆ ಯಾವುದೂ ಕೂಡದು. ಚಮಚ ಮಟ್ಟಸ ಇರಬೇಕು, ನೀರು ಗೆರೆಗೆ ಸರಿಯಾಗಿರಬೇಕು. ಎರಡನೆಯದಕ್ಕೆ ಕೂಸು ಯಜಮಾನ. ಡಾಕ್ಟರ ಲೆಕ್ಕ ಅಲ್ಲಿ ದಾರಿಬದಿಯ ಮೈಲಿಗಲ್ಲು. ಬಟ್ಟೆ ಒದ್ದೆಯಾಗುತ್ತಿದೆಯೇ, ವಾರವಾರಕ್ಕೆ ತೂಕ ಏರುತ್ತಿದೆಯೇ ಎಂದು ನೋಡುತ್ತಿದ್ದರೆ ಸಾಕು. ತಿಂಗಳು ತುಂಬದೆ ಹುಟ್ಟಿದ ಅಥವಾ ಕಾಯಿಲೆಯ ಕೂಸಿನ ಮಾತು ಬೇರೆ, ಅದಕ್ಕೆ ವೈದ್ಯರ ಅಳತೆಯೇ ಬೇಕು. ನಾನು ಡಬ್ಬಿಯ ಮಾತು ಕೇಳಬೇಕಾದ ಕಡೆ ಕೇಳಲಿಲ್ಲ, ಮಗಳ ಮಾತು ಕೇಳಬೇಕಾದ ಕಡೆ ಡಬ್ಬಿಯದ್ದನ್ನು ಕೇಳಿದೆ.

ಆಸ್ಪತ್ರೆಯಿಂದ ಬಂದ ರಾತ್ರಿ ಅತ್ತೆ ತಮ್ಮ ಚೀಲದಿಂದ ಬೆಳ್ಳಿಯ ಒಳಲೆ ತೆಗೆದು ಚೆನ್ನಾಗಿ ಕುದಿಸಿದರು. ಹೆಂಡತಿಗೆ ಕುಡಿಸಿದ್ದ ಒಳಲೆ ಅದು. ಒಳಲೆಯೇನೂ ಪುಣ್ಯದ ವಸ್ತುವಲ್ಲ. ಅದರಲ್ಲೇ ಕೂಸುಗಳನ್ನು ಕಾಲ ಮೇಲೆ ಕೆಡವಿಕೊಂಡು ಹರಳೆಣ್ಣೆ ಹುಯ್ದದ್ದೂ ಉಂಟು. ಆದರೆ ಮೂತಿಯನ್ನು ತುಟಿಗೆ ತಾಗಿಸಿ ಸ್ವಲ್ಪ ಬಗ್ಗಿಸಿ, ನುಂಗುವವರೆಗೆ ಕಾದು, ಮತ್ತೆ ಬಗ್ಗಿಸಿ ಕುಡಿಸುವವರ ಕಣ್ಣು ಗೆರೆಗಳ ಮೇಲಿರುವುದಿಲ್ಲ, ಒಳಲೆಗೆ ಗೆರೆಗಳೇ ಇಲ್ಲ. ಕಣ್ಣು ಕೂಸಿನ ಮುಖದ ಮೇಲೆಯೇ ಇರಬೇಕು. ತಿಂಗಳು ತುಂಬದ ಕೂಸುಗಳ ವಾರ್ಡುಗಳಲ್ಲಿ ನಮ್ಮ ದೇಶದ ನರ್ಸುಗಳು ಇವತ್ತಿಗೂ ಒಳಲೆ ಹಿಡಿಯುವುದನ್ನು ಆಮೇಲೆ ನೋಡಿದ್ದೇನೆ.

ನೋಟ್‌ಬುಕ್ ಮೊನ್ನೆ ಕಪಾಟು ಸ್ವಚ್ಛ ಮಾಡುವಾಗ ಸಿಕ್ಕಿತು. ಮೊದಲ ಪುಟಗಳಲ್ಲಿ ಗಂಟೆ, ಮಿಲಿ, ಕೆಂಪು ಶಾಯಿಯಲ್ಲಿ 'ಉಳಿಸಿದಳು' ಎಂಬ ಗುರುತು. ಆ ಆಸ್ಪತ್ರೆಯ ದಿನದ ನಂತರದ ಪುಟಗಳಲ್ಲಿ ಕೆಂಪು ಶಾಯಿ ಇಲ್ಲ. ಮಿಲಿ ಬರೆದು ಪಕ್ಕದಲ್ಲಿ 'ಸಾಕು ಅಂದಳು' ಎಂದು ಬರೆದಿದ್ದೇನೆ. ಮಗಳು ಇಣುಕಿ ನೋಡಿ, "ಅಪ್ಪ, ಅಷ್ಟು ಚಿಕ್ಕವಳಿದ್ದಾಗ ನನಗೆ ಮಾತು ಬರ್ತಿತ್ತಾ?" ಎಂದು ಕೇಳಿದಳು.

"ಬರ್ತಿತ್ತು, ನನಗೇ ಅರ್ಥವಾಗ್ತಿರಲಿಲ್ಲ" ಎಂದೆ.